ಹುಡುಗನ ಬೀದಿಯನ್ನು ನೋಡಿ ಬರೆಯುವುದು ಹೇಗೆ

ಅಪರಾಧದ ಆರೋಪ ಹೊತ್ತ ಮಕ್ಕಳ ವಿಚಾರಣೆ ನಡೆಸುವ ಬಾಲನ್ಯಾಯ ಮಂಡಳಿಗೆ ಸಲ್ಲಿಸುವ ಸಾಮಾಜಿಕ ತನಿಖಾ ವರದಿಯಲ್ಲಿ ನೆರೆಹೊರೆಗೆಂದು ಒಂದು ಕಾಲಂ ಇದೆ. 2016ರ ಮಾದರಿ ನಿಯಮಗಳ ನಮೂನೆ 6ರ ಹತ್ತಾರು ಪ್ರಶ್ನೆಗಳ ನಡುವೆ ಅದು ಅಡಗಿ ಕುಳಿತಿದೆ. ಮಗುವಿನ ಮೇಲೆ ನೆರೆಹೊರೆಯ ಪ್ರಭಾವ ಎಂಥದ್ದು ಎಂದು ನೋಡಿ ಬರೆಯಬೇಕು. ಅಲ್ಲಿಗೆ ಬರುವಷ್ಟರಲ್ಲಿ ಬರೆಯುವವರ ಕೈ ಸೋತಿರುತ್ತದೆ. ಹಾಗಾಗಿ ಒಂದೇ ಸಾಲು ಬೀಳುತ್ತದೆ: "ಸುತ್ತಮುತ್ತಲಿನ ವಾತಾವರಣ ಸರಿಯಿಲ್ಲ." ಇಂಥ ವರದಿ ಬರೆಯುವ ಪರಿವೀಕ್ಷಣಾಧಿಕಾರಿಯಾಗಿ (ಪ್ರೊಬೇಷನ್ ಆಫೀಸರ್) ನಿವೃತ್ತಳಾದ ಮೇಲೆ ಹೊಸಬರ ತರಬೇತಿಗೆ ಹೋಗುತ್ತೇನೆ. ಅವರು ಅಭ್ಯಾಸಕ್ಕೆಂದು ಬರೆದ ವರದಿಗಳಲ್ಲಿ ಆ ಸಾಲು ಕಂಡರೆ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ಎಲ್ಲಿ? ಎಷ್ಟು ಗಂಟೆಗೆ? ಯಾರಿಗೆ?" ಎಂದು ಬರೆದು ಹಿಂತಿರುಗಿಸುತ್ತೇನೆ.

ಇಷ್ಟು ಸಿಟ್ಟೇಕೆ ಎಂದರೆ, ಆ ಸಾಲಿಗೆ ಬೆಲೆ ತೆರುವವನು ಹುಡುಗ. ಬಾಲನ್ಯಾಯ ಕಾಯ್ದೆ 2015ರ 12ನೇ ಸೆಕ್ಷನ್ ಪ್ರಕಾರ ಮಗುವಿಗೆ ಜಾಮೀನು ಕೊಡುವುದೇ ನಿಯಮ. ನಿರಾಕರಿಸಬೇಕಾದರೆ ಮೂರು ಕಾರಣಗಳಲ್ಲಿ ಒಂದಾದರೂ ಇರಬೇಕು: ಹೊರಗೆ ಬಂದರೆ ಅಪರಾಧಿಗಳೆಂದು ಗೊತ್ತಿರುವವರ ಸಹವಾಸಕ್ಕೆ ಬೀಳುವ ಸಂಭವ, ನೈತಿಕ, ದೈಹಿಕ ಅಥವಾ ಮಾನಸಿಕ ಅಪಾಯಕ್ಕೆ ಗುರಿಯಾಗುವ ಸಂಭವ, ಬಿಡುಗಡೆಯಿಂದ ನ್ಯಾಯದ ಉದ್ದೇಶವೇ ವಿಫಲವಾಗುವುದು. ಮೊದಲೆರಡೂ ಹುಡುಗನ ಬೀದಿಗೆ ಸಂಬಂಧಿಸಿದ ಮಾತುಗಳು. "ವಾತಾವರಣ ಸರಿಯಿಲ್ಲ" ಎಂದು ನೀವು ಬರೆದರೆ ಆಶ್ರಯ ಬಡಾವಣೆಯ ಹುಡುಗ, ವಿಚಾರಣೆ ಮುಗಿಯುವವರೆಗೆ ಮಕ್ಕಳನ್ನು ಇಡುವ ವೀಕ್ಷಣಾಲಯದಲ್ಲೇ ಉಳಿಯುತ್ತಾನೆ. ಅದೇ ಹೊಡೆದಾಟದಲ್ಲಿದ್ದ, ಕಾಂಪೌಂಡ್ ಗೋಡೆಯ ಮನೆಯ ಹುಡುಗ ಅಂದೇ ಸಂಜೆ ಊಟಕ್ಕೆ ಮನೆಯಲ್ಲಿರುತ್ತಾನೆ. ಬೀದಿ ಹಾಳಾಗಿದೆ ಎಂಬ ಕಾರಣಕ್ಕೆ ಬೀದಿಯನ್ನು ಯಾರೂ ಒಳಗೆ ಹಾಕುವುದಿಲ್ಲ.

ಇಲ್ಲಿ ಹೇಳುವುದೆಲ್ಲ ಆ ಕಾಲಂ ತುಂಬುವವರಿಗೆ: ಹೊಸ ಪರಿವೀಕ್ಷಣಾಧಿಕಾರಿಗಳು, ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಸಮಾಜ ಕಾರ್ಯಕರ್ತರು, ಕ್ಷೇತ್ರಕಾರ್ಯಕ್ಕೆ ಬರುವ ಸಮಾಜಕಾರ್ಯ ವಿದ್ಯಾರ್ಥಿಗಳು. ಹೊಡೆದಾಟ, ಇರಿತ, ಬೆದರಿಸಿ ಕಿತ್ತುಕೊಳ್ಳುವುದು, ಇಂಥವೇ ನನ್ನ ಮನಸ್ಸಿನಲ್ಲಿರುವುದು. ಕಳವಿನ ಲೆಕ್ಕ ಬೇರೆ.

ಹೊರಡುವ ಮೊದಲು

ಮಗುವನ್ನು ಮಂಡಳಿಯ ಮುಂದೆ ಮೊದಲು ಹಾಜರುಪಡಿಸಿದ ದಿನದಿಂದ ಹದಿನೈದು ದಿನಗಳೊಳಗೆ ವರದಿ ಕೊಡಬೇಕು. ಕಡತಗಳ ಒತ್ತಡದಲ್ಲಿ ಬೀದಿಗೆ ಸಿಗುವುದು ಅದರಲ್ಲಿ ಎರಡು ಮೂರು ಹೊತ್ತು ಮಾತ್ರ. ಆದ್ದರಿಂದ ಕುರ್ಚಿಯಲ್ಲೇ ಮುಗಿಸಬಹುದಾದ ಕೆಲಸವನ್ನು ಮೊದಲೇ ಮುಗಿಸಿಕೊಳ್ಳಿ.

ಒಂದು ಹಾಳೆಯ ಮೇಲೆ ಮೂರು ಗುರುತು ಹಾಕಿ: ಹುಡುಗನ ಮನೆ, ಘಟನೆ ನಡೆದ ಜಾಗ, ಪೆಟ್ಟು ತಿಂದವನ ಮನೆ. ನಾಲ್ಕನೆಯದಾಗಿ ಶಾಲೆ, ಅಥವಾ ಹುಡುಗ ಕೆಲಸಕ್ಕೆ ಹೋಗುತ್ತಿದ್ದ ಗ್ಯಾರೇಜು, ಭಟ್ಟಿ, ಮಂಡಿ. ನಾಲ್ಕನ್ನೂ ಅವನು ನಡೆಯುವ ದಾರಿಯಿಂದ ಜೋಡಿಸಿ. ಎಷ್ಟೋ ಸಲ ಎಲ್ಲವೂ ಹತ್ತು ನಿಮಿಷದ ನಡಿಗೆಯೊಳಗೇ ಬೀಳುತ್ತವೆ. ಪಕ್ಕದಲ್ಲಿ ಘಟನೆಯ ವಾರ ಮತ್ತು ಗಂಟೆಯನ್ನು ಬರೆದುಕೊಳ್ಳಿ. ದೂರಿನಲ್ಲಿ ಗಂಟೆ ಇರುತ್ತದೆ, ನಾವು ಓದುವುದಿಲ್ಲ.

ಪೊಲೀಸರು ಸಿದ್ಧಪಡಿಸಿದ ಸಾಮಾಜಿಕ ಹಿನ್ನೆಲೆ ವರದಿ ಕಡತದಲ್ಲಿ ಇರುತ್ತದೆ. ಅದನ್ನು ಓದಿ, ನಕಲು ಮಾಡಬೇಡಿ. ಠಾಣೆಯಿಂದ ಕಾಣುವ ಬೀದಿಯೇ ಬೇರೆ. ಗಸ್ತು ಹೆಚ್ಚಾಗಿರುವ ಕಡೆ ಪ್ರಕರಣಗಳೂ ಹೆಚ್ಚಾಗಿ ದಾಖಲಾಗುತ್ತವೆ. ಹಾಸ್ಟೆಲ್ ಒಳಗೋ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲೋ ಹುಡುಗರು ಬಡಿದಾಡಿದರೆ ವಾರ್ಡನ್ ಅಥವಾ ಸಂಘದ ಅಧ್ಯಕ್ಷರು ರಾಜಿ ಮಾಡಿಸಿ ಕಳುಹಿಸುತ್ತಾರೆ. ಠಾಣೆಯ ಅಂಕಿಯನ್ನು ಬೀದಿಯ ಗುಣವೆಂದು ಬರೆದರೆ ಪೊಲೀಸರ ಗಮನ ಎಲ್ಲಿತ್ತು ಎಂಬುದನ್ನಷ್ಟೇ ಬರೆದಂತಾಯಿತು.

ಜೀಪಿನಲ್ಲಿ ಹೋಗಬೇಡಿ, ಪೇದೆಯನ್ನು ಜೊತೆಗೆ ಕರೆದುಕೊಂಡು ಹೋಗಬೇಡಿ. ಮಗುವಿನ ಗುರುತು ಬಯಲಾಗಬಾರದು ಎಂದು 74ನೇ ಸೆಕ್ಷನ್ ಪತ್ರಿಕೆಯವರಿಗೆ ಹೇಳುವುದನ್ನು ನಿಮ್ಮ ನಾಲಿಗೆಗೂ ಅನ್ವಯಿಸಿಕೊಳ್ಳಿ. "ಇಂಥವನ ಕೇಸಿಗೆ ಬಂದಿದ್ದೇನೆ" ಎಂದು ಟೀ ಅಂಗಡಿಯಲ್ಲಿ ಹೇಳಿದ ಮೇಲೆ ಆ ಹುಡುಗ ಅದೇ ಅಂಗಡಿಯ ಮುಂದೆ ವರ್ಷಗಟ್ಟಲೆ ನಡೆದುಹೋಗಬೇಕು. ಬಡಾವಣೆಯ ಮಕ್ಕಳ ಸುರಕ್ಷತೆಯ ಬಗ್ಗೆ ವಿಚಾರಿಸುತ್ತಿದ್ದೇನೆ ಎಂದರೆ ಸುಳ್ಳೇನೂ ಆಗುವುದಿಲ್ಲ.

ಬಡಾವಣೆಯನ್ನು ಬಿಡಿ, ಮೂಲೆಯನ್ನು ಹುಡುಕಿ

"ಆ ಏರಿಯಾವೇ ಹಾಗೆ" ಎನ್ನುವವರಿಗೆ ನಾನು ಎರಡು ಊರುಗಳ ಕಥೆ ಹೇಳುತ್ತೇನೆ. ಸಿಯಾಟಲ್‌ನಲ್ಲಿ ಡೇವಿಡ್ ವೈಸ್‌ಬರ್ಡ್ ಮತ್ತು ಸಂಗಡಿಗರು ಹದಿನಾಲ್ಕು ವರ್ಷಗಳ ಬಾಲಾಪರಾಧ ದಾಖಲೆಗಳನ್ನು ಒಂದು ಅಡ್ಡರಸ್ತೆಯಿಂದ ಇನ್ನೊಂದು ಅಡ್ಡರಸ್ತೆಯವರೆಗಿನ ತುಂಡುಗಳಾಗಿ ಬಿಡಿಸಿ ಹಂಚಿದರು. ಅಂಥ 25,000ಕ್ಕೂ ಹೆಚ್ಚು ತುಂಡುಗಳ ಪೈಕಿ ಬರೀ 86ರಲ್ಲಿ ಒಟ್ಟು ಘಟನೆಗಳ ಮೂರನೇ ಒಂದು ಭಾಗ ನಡೆದಿತ್ತು. ಆ ತುಂಡುಗಳೆಲ್ಲ ಹುಡುಗರು ಸೇರುವ ಜಾಗಗಳು: ಶಾಲೆಯ ಸುತ್ತ, ಮಾಲ್, ತಿಂಡಿ ಅಂಗಡಿಗಳು. ಅವುಗಳ ಪಕ್ಕದ ಬೀದಿಯಲ್ಲೇ ಏನೂ ಇರಲಿಲ್ಲ ಎನ್ನುವಷ್ಟು ಶಾಂತಿ.

ಇನ್ನೊಂದು ಷಿಕಾಗೋ. 1899ರಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ನ್ಯಾಯಾಲಯ ಶುರುವಾದ ಊರು. ಅಲ್ಲಿ ಕ್ಲಿಫರ್ಡ್ ಶಾ ಮತ್ತು ಹೆನ್ರಿ ಮೆಕೇ ನ್ಯಾಯಾಲಯಕ್ಕೆ ಬಂದ ಹುಡುಗರ ಮನೆಗಳನ್ನು ನಕ್ಷೆಯ ಮೇಲೆ ಚುಕ್ಕೆಗಳಾಗಿ ಗುರುತಿಸಿ 1942ರಲ್ಲಿ ಪ್ರಕಟಿಸಿದರು. ಶಾ ಸ್ವತಃ ಕೆಲಕಾಲ ನಮ್ಮದೇ ಕೆಲಸ ಮಾಡಿದವರು, ಹಾಗಾಗಿ ನನಗೆ ಸ್ವಲ್ಪ ಪಕ್ಷಪಾತವೂ ಇದೆ. ಅವರು ಕಂಡದ್ದು ಇಷ್ಟು: ಒಂದೊಂದು ಪ್ರದೇಶದಲ್ಲಿ ಜರ್ಮನರು ಹೋಗಿ ಪೋಲೆಂಡಿನವರು ಬಂದರು, ಐರಿಷರು ಹೋಗಿ ಇಟಲಿಯವರು ಬಂದರು, ಜನ ಬದಲಾದರೂ ಆ ಪ್ರದೇಶದ ಬಾಲಾಪರಾಧದ ಪ್ರಮಾಣ ದಶಕಗಟ್ಟಲೆ ಮೇಲೆಯೇ ಉಳಿಯಿತು. ಅಲ್ಲಿಂದ ಬೇರೆಡೆಗೆ ಹೋದ ಜನರ ಮಕ್ಕಳಲ್ಲಿ ಅದು ಇಳಿಯಿತು. ದೋಷ ಜನರ ರಕ್ತದಲ್ಲಿಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ವರದಿಯಲ್ಲಿ "ಇಂಥ ಸಮುದಾಯದವರು ಹೆಚ್ಚಾಗಿ ವಾಸಿಸುವ ಪ್ರದೇಶ" ಎಂದು ಬರೆಯುವ ಕೈಗಳನ್ನು ನೋಡಿದ್ದೇನೆ. ನಮೂನೆಯಲ್ಲಿ ಜಾತಿಯನ್ನು ಕೇಳುವ ಜಾಗ ಬೇರೆ ಇದೆ. ನೆರೆಹೊರೆಯ ಕಾಲಂನಲ್ಲಿ ಅದಕ್ಕೆ ಕೆಲಸವಿಲ್ಲ.

ಹಾಗಾದರೆ ಬೀದಿಗೆ ಹೋಗಿ ಏನು ನೋಡಬೇಕು? ಮೂರು ಹೊತ್ತು ಹೋಗಿ: ಶಾಲೆ ಬಿಡುವ ಹೊತ್ತು, ರಾತ್ರಿ ಏಳರಿಂದ ಒಂಬತ್ತು, ಮತ್ತು ಭಾನುವಾರ ಮಧ್ಯಾಹ್ನ. ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ ಬಂದರೆ ಯಾವ ಬಡಾವಣೆಯೂ ಒಳ್ಳೆಯದೇ. ಘಟನೆ ನಡೆದ ಗಂಟೆಗೆ ಒಮ್ಮೆಯಾದರೂ ಘಟನೆಯ ಜಾಗದಲ್ಲೇ ನಿಂತಿರಿ.

ನಮ್ಮ ಊರು ಹತ್ತಿ ಗಿರಣಿಗಳು ಮುಚ್ಚಿದ, ಮಂಡಕ್ಕಿ ಭಟ್ಟಿಗಳು ಇನ್ನೂ ಹೊಗೆಯಾಡುವ ಊರು. ಇಲ್ಲಿ ಹುಡುಗರ ಹೊಡೆದಾಟದ ಜಾಗಗಳು ಬೆರಳೆಣಿಕೆಯಷ್ಟು ಬಗೆಯವು. ಓವರ್‌ಹೆಡ್ ಟ್ಯಾಂಕಿನ ಕೆಳಗಿನ ಕಟ್ಟೆ. ಅರ್ಧಕ್ಕೆ ನಿಂತ ಸಮುದಾಯ ಭವನ. ಮುಳ್ಳುಕಂಟಿ ಬೆಳೆದ ಖಾಲಿ ನಿವೇಶನ. ವೈನ್ ಶಾಪಿನಿಂದ ಬಸ್ ನಿಲ್ದಾಣಕ್ಕೆ ಹೋಗುವ ಅಡ್ಡದಾರಿ. ಎರಡು ಬಡಾವಣೆಗಳ ಹುಡುಗರಿಗೂ ಒಂದೇ ಆದ ಕ್ರಿಕೆಟ್ ಮೈದಾನ. ಪ್ರತಿಯೊಂದರಲ್ಲೂ ಈ ಐದನ್ನು ಗಮನಿಸಿ: ಬೆಳಕು ಎಲ್ಲಿಂದ ಬರುತ್ತದೆ, ಯಾವ ಮನೆಯ ಕಿಟಕಿ ಇತ್ತ ನೋಡುತ್ತದೆ, ಯಾವ ಅಂಗಡಿ ಎಷ್ಟು ಗಂಟೆಗೆ ಮುಚ್ಚುತ್ತದೆ, ತಪ್ಪಿಸಿಕೊಂಡು ಓಡಲು ಎಷ್ಟು ದಾರಿಗಳಿವೆ, ಇಲ್ಲಿಗೆ ಬರಲೇಬೇಕಾದವರು ಯಾರು.

ಒಂದು ಮೂಲೆ ನನಗೆ ಚೆನ್ನಾಗಿ ನೆನಪಿದೆ. ಮಿರ್ಚಿ ಬಜ್ಜಿಯ ಗಾಡಿಯ ಅಜ್ಜಿ ಒಬ್ಬರು ಒಂದು ಎಲ್‌ಇಡಿ ಬಲ್ಬಿನ ಕೆಳಗೆ ಒಂಬತ್ತರವರೆಗೆ ವ್ಯಾಪಾರ ಮಾಡುತ್ತಿದ್ದರು. ಕಂಬದ ದೀಪ ಕೆಟ್ಟು ಎಷ್ಟೋ ಕಾಲವಾಗಿತ್ತು. ಹುಡುಗರೆಲ್ಲ ಅವರ ಬಳಿ ಸಾಲ ಇಟ್ಟವರೇ, ಹಾಗಾಗಿ ಅವರ ಮುಂದೆ ಬಾಲ ಬಿಚ್ಚುತ್ತಿರಲಿಲ್ಲ. ಆ ಮೂಲೆಯ ಎರಡು ಪ್ರಕರಣಗಳು ನನ್ನ ಕಡತಗಳಲ್ಲಿ ಇದ್ದವು. ಎರಡೂ ಒಂಬತ್ತರ ನಂತರದವು. ಹಿಂದಿನ ವರದಿಯಲ್ಲಿ ಅದೇ ಜಾಗದ ಬಗ್ಗೆ "ಅಪರಾಧಿಗಳು ಸೇರುವ ಸ್ಥಳ" ಎಂದಿತ್ತು. ಅಲ್ಲಿ ಕೊರತೆಯಿದ್ದದ್ದು ಒಂದು ಬಲ್ಬು ಮತ್ತು ಒಬ್ಬ ಹಿರಿಯರದು.

ಯಾರನ್ನು ಕೇಳಬೇಕು

ಬಡಾವಣೆಯ ಮುಖಂಡರನ್ನು ಕೊನೆಗೆ ಭೇಟಿ ಮಾಡಿ. ಅವರು ಹೇಳುವುದು ಭಾಷಣವಾಗಿರುತ್ತದೆ, ಜೊತೆಗೆ ಹೊಡೆದಾಡಿದ ಎರಡು ಗುಂಪುಗಳಲ್ಲಿ ಒಂದು ಅವರದೇ ಫ್ಲೆಕ್ಸಿನಲ್ಲಿ ನಿಂತಿರುವ ಸಂಭವವೂ ಇದೆ. ಮೊದಲು ಪೌರಕಾರ್ಮಿಕರನ್ನು ಹಿಡಿಯಿರಿ. ಬೆಳಿಗ್ಗೆ ಆರಕ್ಕೇ ಬೀದಿಗಿಳಿಯುವ ಆ ಹೆಣ್ಣುಮಕ್ಕಳಿಗೆ ಒಡೆದ ಬಾಟಲಿ ಯಾವ ಮೂಲೆಯಲ್ಲಿ ಹೆಚ್ಚು, ಅಮಲಿಗೆ ಮೂಸುವ ಪಂಕ್ಚರ್ ಸೊಲ್ಯೂಷನ್ನಿನ ಖಾಲಿ ಟ್ಯೂಬುಗಳು ಎಲ್ಲಿ ಬಿದ್ದಿರುತ್ತವೆ, ಯಾವ ವಾರ ರಕ್ತ ತೊಳೆದರು ಎಂಬುದೆಲ್ಲ ಗೊತ್ತು. ಅವರನ್ನು ಯಾರೂ ಕೇಳಿರುವುದಿಲ್ಲ, ಅಷ್ಟೇ.

ಆಮೇಲೆ ಔಷಧಿ ಅಂಗಡಿ. ಹತ್ತಿ, ಬ್ಯಾಂಡೇಜು, ನೋವಿನ ಮಾತ್ರೆಗೆ ಹುಡುಗರೇ ಗುಂಪಾಗಿ ಬರುವುದು ಯಾವಾಗ ಎಂದು ಕೇಳಿ. ಹೆಸರು ಬೇಡ, ಹೊತ್ತು ಸಾಕು. ಇದಕ್ಕೊಂದು ಹಿನ್ನೆಲೆ ಇದೆ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಮುಖದ ಶಸ್ತ್ರಚಿಕಿತ್ಸಕ ಜೊನಾಥನ್ ಶೆಫರ್ಡ್ ತಾವು ಹೊಲಿಗೆ ಹಾಕುತ್ತಿದ್ದ ಗಾಯಗಳಲ್ಲಿ ದೊಡ್ಡ ಪಾಲು ಪೊಲೀಸರ ದಾಖಲೆಯಲ್ಲೇ ಇಲ್ಲ ಎಂದು ಕಂಡುಕೊಂಡರು. ಆಸ್ಪತ್ರೆಯ ಸ್ವಾಗತ ಮೇಜಿನಲ್ಲಿ ಎಲ್ಲಿ, ಯಾವಾಗ, ಯಾವುದರಿಂದ ಎಂಬ ಮೂರು ಪ್ರಶ್ನೆ ಕೇಳಿ, ಹೆಸರು ತೆಗೆದು, ನಗರಸಭೆಗೂ ಪೊಲೀಸರಿಗೂ ಕೊಡುವ ಪದ್ಧತಿ ತಂದರು. 2011ರಲ್ಲಿ ಪ್ರಕಟವಾದ ಮೌಲ್ಯಮಾಪನದ ಪ್ರಕಾರ ಅಂಥದ್ದೇ ಬೇರೆ ನಗರಗಳಿಗೆ ಹೋಲಿಸಿದರೆ ಹಿಂಸೆಯ ಗಾಯಗಳಿಂದ ಆಸ್ಪತ್ರೆಗೆ ದಾಖಲಾಗುವವರು ಅಲ್ಲಿ 42 ಪ್ರತಿಶತ ಕಡಿಮೆಯಾದರು. ನಮ್ಮಲ್ಲಿ ಸರ್ಕಾರಿ ಆಸ್ಪತ್ರೆಗೆ ಹೋದರೆ ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ವೈದ್ಯಕೀಯ-ಕಾನೂನು ಪ್ರಕರಣ) ಆಗುತ್ತದೆ ಎಂಬ ಭಯಕ್ಕೆ ಹುಡುಗರು ಗಲ್ಲಿಯ ಡಾಕ್ಟರ ಬಳಿ "ಕಾಲು ಜಾರಿ ಬಿದ್ದೆ" ಎಂದು ಹೇಳಿ ಹೊಲಿಗೆ ಹಾಕಿಸಿಕೊಳ್ಳುತ್ತಾರೆ. ಹಾಗಾಗಿ ನಮ್ಮ ಬೀದಿಗಳ ಹಿಂಸೆಯ ನಿಜವಾದ ರಿಜಿಸ್ಟರು ಔಷಧಿ ಅಂಗಡಿಯವನ ತಲೆಯಲ್ಲಿದೆ.

ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಶಾಲೆಯ ದೈಹಿಕ ಶಿಕ್ಷಕರು, ಗರಡಿಮನೆ ಇದ್ದರೆ ಅಲ್ಲಿನ ಉಸ್ತಾದರು. ಗರಡಿಯ ವಿಷಯದಲ್ಲಿ ಒಂದು ಮಾತು: ಹುಡುಗರಿಗೆ ಮೈ ಬಲಿಸಿ ಗೂಂಡಾಗಳನ್ನು ಮಾಡುತ್ತಾರೆ ಎಂದು ದೂರುವವರಿದ್ದಾರೆ. ನಾನು ನೋಡಿದ ಗರಡಿಗಳಲ್ಲಿ ಹೊರಗೆ ಕೈ ಎತ್ತಿದವನನ್ನು ಉಸ್ತಾದರು ಮಣ್ಣಿಗೆ ಇಳಿಯಲು ಬಿಡುತ್ತಿರಲಿಲ್ಲ. ಹದಿನಾರರ ಹುಡುಗನಿಗೆ ಮಂಡಳಿಯ ಆದೇಶಕ್ಕಿಂತ ಆ ಶಿಕ್ಷೆಯೇ ದೊಡ್ಡದು.

ಕೇಳಬೇಕಾದ ಪ್ರಶ್ನೆ

ಷಿಕಾಗೋದಲ್ಲೇ 1995ರಲ್ಲಿ ರಾಬರ್ಟ್ ಸ್ಯಾಂಪ್ಸನ್, ಸ್ಟೀಫನ್ ರಾಡನ್‌ಬುಷ್ ಮತ್ತು ಫೆಲ್ಟನ್ ಅರ್ಲ್ಸ್ ತಂಡ 343 ನೆರೆಹೊರೆಗಳ 8,782 ನಿವಾಸಿಗಳನ್ನು ಮಾತನಾಡಿಸಿತು. ಪ್ರಶ್ನೆಗಳು ತೀರ ಸಾಮಾನ್ಯವಾದವು. ಶಾಲೆ ತಪ್ಪಿಸಿ ಮೂಲೆಯಲ್ಲಿ ನಿಂತ ಮಕ್ಕಳನ್ನು ಕಂಡರೆ ನಿಮ್ಮ ಅಕ್ಕಪಕ್ಕದವರು ಏನಾದರೂ ಮಾಡುತ್ತಾರೆಯೇ? ಮನೆ ಮುಂದೆ ಹೊಡೆದಾಟವಾದರೆ? ಮಗುವೊಂದು ದೊಡ್ಡವರಿಗೆ ಮರ್ಯಾದೆಗೆಟ್ಟು ಮಾತನಾಡಿದರೆ? ಬಡತನದ ಲೆಕ್ಕ ಹಿಡಿದ ಮೇಲೂ, ಪರಸ್ಪರ ನಂಬಿಕೆಯಿರುವ, ನಡುವೆ ಹೋಗಲು ಸಿದ್ಧರಿರುವ ಜನರಿದ್ದ ಕಡೆ ಹಿಂಸೆ ಕಡಿಮೆ ಇತ್ತು. 1997ರಲ್ಲಿ ಇದು ಪ್ರಕಟವಾದ ಮೇಲೆ ಜಗತ್ತಿನ ಎಷ್ಟೋ ಊರುಗಳಲ್ಲಿ ಇವೇ ಪ್ರಶ್ನೆಗಳನ್ನು ಕೇಳಿದ್ದಾರೆ. ನಾನು ಅವನ್ನು ನಮ್ಮ ಬೀದಿಗೆ ಹೀಗೆ ಒಗ್ಗಿಸಿಕೊಂಡೆ:

ಎಂಟನೇ ತರಗತಿಯ ಹುಡುಗ ಶಾಲೆಯ ಹೊತ್ತಿನಲ್ಲಿ ಟ್ಯಾಂಕಿನ ಕೆಳಗೆ ಕುಳಿತಿದ್ದರೆ ಯಾರು ಅವನ ಮನೆಗೆ ತಿಳಿಸುತ್ತಾರೆ?

ಇಬ್ಬರು ಕೈಕೈ ಮಿಲಾಯಿಸಿದರೆ ಬಿಡಿಸಲು ಯಾರು ಹೋಗುತ್ತಾರೆ? ಕಳೆದ ಸಲ ಹೋದವರು ಯಾರು?

ನಲ್ಲಿಯಲ್ಲಿ ನೀರು ಬರದಿದ್ದರೆ ಪಾಲಿಕೆಗೆ ಯಾರ ಜೊತೆ ಯಾರು ಹೋಗುತ್ತೀರಿ?

"ಎಲ್ಲರೂ ಹೋಗುತ್ತೇವೆ ಮೇಡಂ" ಎಂಬ ಉತ್ತರ ಬಂದರೆ ಬಿಡಬೇಡಿ. ಕಳೆದ ಸಲದ ಸಂಗತಿಯನ್ನೇ ಕೇಳಿ. ಹೆಸರು ಬರದಿದ್ದರೆ ಯಾರೂ ಹೋಗಲಿಲ್ಲ ಎಂದು ಅರ್ಥ. ಒಬ್ಬ ತಾಯಿ ನನಗೆ ಹೇಳಿದ್ದರು: "ಬಿಡಿಸಲು ಹೋಗಬೇಕು ಎಂದು ಅನ್ನಿಸುತ್ತದೆ ಅಕ್ಕ. ನಾಳೆ ನನ್ನ ಮಗಳು ಅದೇ ದಾರಿಯಲ್ಲಿ ಟ್ಯೂಷನ್ನಿಗೆ ಹೋಗಬೇಕಲ್ಲ." ಆಕೆಗೆ ಕಾಳಜಿ ಇಲ್ಲವೆಂದು ಬರೆಯುವುದು ಅನ್ಯಾಯ. ಭಯ ಎಂದೇ ಬರೆಯಿರಿ.

ಹೊಸದಾಗಿ ಕಟ್ಟಿದ ಪುನರ್ವಸತಿ ಬಡಾವಣೆಗಳಲ್ಲಿ ಈ ಪ್ರಶ್ನೆಗಳಿಗೆ ಉತ್ತರವೇ ಸಿಗುವುದಿಲ್ಲ. ಮೂರು ಕೊಳಗೇರಿಗಳ ಜನರನ್ನು ಲಾಟರಿ ಎತ್ತಿ ಒಂದೇ ಮಹಡಿ ಮನೆಗಳಿಗೆ ತುಂಬಿದಾಗ ಕೆಳಮನೆಯವರಿಗೆ ಮೇಲ್ಮನೆಯ ಹುಡುಗ ಯಾರ ಮಗನೆಂದೇ ತಿಳಿದಿರುವುದಿಲ್ಲ. ಹಳೆಯ ಕೊಳಗೇರಿಯಲ್ಲಿ ಗೋಡೆ ತಗಡಿನದಾಗಿತ್ತು, ಆದರೆ ಯಾವ ಹುಡುಗನ ಕಿವಿ ಹಿಂಡಲು ಯಾರಿಗೆ ಹಕ್ಕಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಹೊಸ ಜಾಗದಲ್ಲಿ ಶಾಲೆ ದೂರ, ತಾಯಂದಿರ ಮನೆಗೆಲಸ ಇನ್ನೂ ಹಳೆಯ ಊರಿನ ಮಧ್ಯದಲ್ಲೇ, ಕೊನೆಯ ಬಸ್ಸು ಎಂಟಕ್ಕೆ. ಸಂಜೆ ನಾಲ್ಕರಿಂದ ಎಂಟರವರೆಗೆ ಇಡೀ ಬ್ಲಾಕಿನಲ್ಲಿ ದೊಡ್ಡವರಿಲ್ಲ. ಬಡಾವಣೆ ಎಷ್ಟು ವರ್ಷದ್ದು, ಜನ ಎಲ್ಲಿಂದ ಬಂದವರು ಎಂಬುದನ್ನು ತಪ್ಪದೆ ಬರೆಯಿರಿ.

ಹುಡುಗನ ಮೈಮೇಲಿನ ಹಳೆಯ ಗಾಯ

ನಮೂನೆಯಲ್ಲಿ ಮಗು ಯಾವುದಾದರೂ ಅಪರಾಧದ ಬಲಿಪಶುವೇ ಎಂದು ಕೇಳುವ ಜಾಗವೂ ಇದೆ. ಹೊಡೆದವನ ವರದಿಯಲ್ಲಿ ಅಲ್ಲಿ "ಇಲ್ಲ" ಎಂದು ಕಣ್ಣುಮುಚ್ಚಿ ಬರೆಯುತ್ತಾರೆ. ಹಿಂಸೆಯ ಬಗ್ಗೆ ಅಧ್ಯಯನ ಮಾಡಿದವರು ಎಲ್ಲೆಡೆ ಕಂಡ ಸಂಗತಿಯೆಂದರೆ, ಹೊಡೆಯುವ ಹುಡುಗರೂ ಹೊಡೆಸಿಕೊಳ್ಳುವ ಹುಡುಗರೂ ಬಹುಮಟ್ಟಿಗೆ ಅವರೇ. ಅದೇ ದಾರಿ, ಅದೇ ಗಂಟೆ, ಅದೇ ಗುಂಪು. ಈ ತಿಂಗಳ ಆರೋಪಿ ಹೋದ ಗಣೇಶನ ಹಬ್ಬದ ಮೆರವಣಿಗೆಯಲ್ಲಿ ತಲೆ ಒಡೆಸಿಕೊಂಡವನು.

ಆದ್ದರಿಂದ ಹುಡುಗನ ಜೊತೆ ಕುಳಿತಾಗ "ಏಕೆ ಹೊಡೆದೆ" ಎಂದು ಶುರುಮಾಡಬೇಡಿ. ಅದನ್ನು ಅವನು ಪೊಲೀಸರಿಗೂ ತಂದೆಗೂ ಹೇಳಿ ಬೇಸತ್ತಿರುತ್ತಾನೆ. ಹಣೆಯ, ಮೊಣಕೈಯ ಗುರುತನ್ನು ತೋರಿಸಿ, ಇದು ಯಾವಾಗಿನದು ಎಂದು ಕೇಳಿ. ಯಾವ ಬೀದಿಯಲ್ಲಿ ಹೋಗುವುದನ್ನು ಬಿಟ್ಟಿದ್ದೀಯ, ಎಂದಿನಿಂದ, ಎಂದು ಕೇಳಿ. ಅವನ ಕೈಗೆ ಕಾಗದ ಕೊಟ್ಟು ತಾನು ಹೋಗದ ಜಾಗಗಳಿಗೆ ಅಡ್ಡಗೆರೆ ಎಳೆಯಲು ಹೇಳಿ. ಚಾಕು ಇಟ್ಟುಕೊಳ್ಳಲು ಶುರುಮಾಡಿದ ತಿಂಗಳೂ ಆ ದಾರಿ ಬಿಟ್ಟ ತಿಂಗಳೂ ಒಂದೇ ಎಂದು ಎಷ್ಟೋ ಸಲ ಆ ಕಾಗದವೇ ಹೇಳುತ್ತದೆ. ಹುಟ್ಟುಹಬ್ಬಕ್ಕೆ ಲಾಂಗಿನಲ್ಲಿ ಕೇಕ್ ಕತ್ತರಿಸಿ ರೀಲ್ಸ್ ಹಾಕುವ ಹುಡುಗರಲ್ಲೂ ಅರ್ಧ ಜನ ಹಾಗೆ ಮಾಡುವುದು ತಮ್ಮನ್ನು ಯಾರೂ ಮುಟ್ಟದಿರಲಿ ಎಂದು. ಉಳಿದ ಅರ್ಧದ ಬಗ್ಗೆ ನನಗೆ ಅಷ್ಟು ಕರುಣೆ ಇಲ್ಲ.

ಅವನ ಹಿಂದೆ ಒಬ್ಬ ವಯಸ್ಕ ಇದ್ದಾನೆಯೇ ಎಂದು ನೋಡಿ. ಮಟ್ಕಾ ಚೀಟಿ ಒಯ್ಯುವುದು, ಬಡ್ಡಿ ವಸೂಲಿಗೆ ಜೊತೆಗೆ ನಿಲ್ಲುವುದು, ಗಾಂಜಾ ಪೊಟ್ಟಣ ತಲುಪಿಸುವುದು: ಇವಕ್ಕೆ ಹದಿನೆಂಟು ತುಂಬದವರನ್ನೇ ಆರಿಸುತ್ತಾರೆ, ಏಕೆಂದರೆ ಅವರಿಗೆ ಶಿಕ್ಷೆ ಕಡಿಮೆ ಎಂಬ ಲೆಕ್ಕಾಚಾರ. ಮಗುವಿನಿಂದ ಮಾದಕವಸ್ತು ಸಾಗಿಸಿದವರಿಗೆ 78ನೇ ಸೆಕ್ಷನ್, ಕಾನೂನುಬಾಹಿರ ಕೆಲಸಕ್ಕೆ ಮಕ್ಕಳನ್ನು ಬಳಸುವ ವಯಸ್ಕರಿಗೆ 83ನೇ ಸೆಕ್ಷನ್ ಇದೆ. ಎರಡರಲ್ಲೂ ಏಳು ವರ್ಷದವರೆಗೆ ಶಿಕ್ಷೆ. ಅಂಥ ವಯಸ್ಕನಿರುವ ಸುಳಿವು ಸಿಕ್ಕರೆ ಮಂಡಳಿಗೆ ಮುಚ್ಚಿದ ಲಕೋಟೆಯಲ್ಲಿ ಕೊಡಿ, ಹುಡುಗನ ಬಾಯಿಂದ ಬಂದದ್ದೆಂದು ಬೀದಿಗೆ ಗೊತ್ತಾಗದಂತೆ.

ಹುಡುಗಿಯರನ್ನೂ ಕೇಳಿ. ಅವರ ಮೇಲಿನ ಹಿಂಸೆ ಮೂಲೆಯ ಹೊಡೆದಾಟದಂತೆ ಕಾಣುವುದಿಲ್ಲ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟಳು ಎಂಬಲ್ಲಿ, ಕತ್ತಲಾದ ಮೇಲೆ ಸಾರ್ವಜನಿಕ ಶೌಚಾಲಯಕ್ಕೆ ಹೋಗದೆ ನೀರು ಕುಡಿಯುವುದನ್ನೇ ನಿಲ್ಲಿಸುತ್ತಾಳೆ ಎಂಬಲ್ಲಿ ಅದು ಸಿಗುತ್ತದೆ. ಹುಡುಗರು ಕೊಡದ ವಿವರವನ್ನು ಅವರು ಕೊಡುತ್ತಾರೆ: ಯಾವ ಕಟ್ಟೆ, ಯಾರು, ಎಷ್ಟು ಗಂಟೆಗೆ.

ಬರೆಯುವುದು

ಈಗ ಕಾಲಂ. ಜಾಗ ಸಾಲದಿದ್ದರೆ ಪ್ರತ್ಯೇಕ ಹಾಳೆ ಲಗತ್ತಿಸಿ. ತರಬೇತಿಗೆಂದು ನಾನೇ ಬರೆದ ಒಂದು ಮಾದರಿ ಇಲ್ಲಿದೆ. ಬಡಾವಣೆ, ಹುಡುಗ ಎರಡೂ ಕಲ್ಪಿತ:

"ಬಡಾವಣೆ ಆರು ವರ್ಷ ಹಳೆಯದು, ನಿವಾಸಿಗಳು ಮೂರು ಬೇರೆ ಬೇರೆ ಕಡೆಗಳಿಂದ ಸ್ಥಳಾಂತರಗೊಂಡವರು. ಮಗುವಿನ ಮನೆಯಿಂದ ಘಟನಾ ಸ್ಥಳಕ್ಕೆ ನಾಲ್ಕು ನಿಮಿಷದ ನಡಿಗೆ. ಸ್ಥಳವು ನೀರಿನ ಟ್ಯಾಂಕಿನ ಹಿಂಭಾಗ. ಅತ್ತ ಮುಖ ಮಾಡಿದ ಮನೆಯಿಲ್ಲ, ಬೀದಿದೀಪ ಉರಿಯುತ್ತಿಲ್ಲ. ಹೊಡೆದಾಟಗಳು ರಾತ್ರಿ ಎಂಟರ ನಂತರ ಈ ಒಂದೇ ಜಾಗದಲ್ಲಿ ನಡೆಯುತ್ತವೆ ಎಂದು ಮಾತನಾಡಿಸಿದವರೆಲ್ಲ ಪ್ರತ್ಯೇಕವಾಗಿ ತಿಳಿಸಿದರು. ಬಡಾವಣೆಯ ಉಳಿದ ಬೀದಿಗಳು ಶಾಂತವಾಗಿವೆ. ಮಗು ಕೆಲಸದಿಂದ ಹಿಂತಿರುಗಲು ಇದೇ ದಾರಿ ಬಳಸಬೇಕು. ಕಳೆದ ವರ್ಷ ಇಲ್ಲಿಯೇ ಮಗುವಿಗೆ ಪೆಟ್ಟಾಗಿತ್ತು, ದೂರು ದಾಖಲಾಗಿಲ್ಲ. ಮಗುವಿನ ಸೋದರಮಾವ ಎರಡನೇ ಅಡ್ಡರಸ್ತೆಯಲ್ಲಿದ್ದಾರೆ, ಸಂಜೆ ಮನೆಯಲ್ಲಿರುತ್ತಾರೆ, ಹಿಂದೆ ಒಮ್ಮೆ ಜಗಳ ಬಿಡಿಸಿದ್ದಾರೆ. ದೈಹಿಕ ಶಿಕ್ಷಕರು ಮಗುವನ್ನು ಸಂಜೆ ಆಟಕ್ಕೆ ಕರೆದುಕೊಳ್ಳಲು ಒಪ್ಪಿದ್ದಾರೆ."

ಓದುವ ಮಂಡಳಿಗೆ ಇದರಲ್ಲಿ ಹಿಡಿಯಲು ಕೊಕ್ಕೆಗಳಿವೆ. ಅಪಾಯ ಎಲ್ಲಿದೆ ಎಂದೂ ಇದೆ, ಅದನ್ನು ತಪ್ಪಿಸುವವರು ಯಾರು ಎಂದೂ ಇದೆ. "ಸಹವಾಸ", "ದುಶ್ಚಟ", "ಕೆಟ್ಟ ಪರಿಸರ" ಎಂಬ ಪದಗಳು ಇಲ್ಲ, ಬೇಕಾಗಲೂ ಇಲ್ಲ.

ಹದಿನಾರು ದಾಟಿದವರ ಘೋರ ಅಪರಾಧದ ಪ್ರಕರಣವಾದರೆ ಅವರನ್ನು ವಯಸ್ಕರಂತೆ ವಿಚಾರಿಸಬೇಕೇ ಎಂದು ನೋಡುವ 15ನೇ ಸೆಕ್ಷನ್ನಿನ ಪ್ರಾಥಮಿಕ ಮೌಲ್ಯಮಾಪನ ನಡೆಯುತ್ತದೆ. ಯಾವ ಸನ್ನಿವೇಶದಲ್ಲಿ ಕೃತ್ಯ ನಡೆಯಿತು ಎಂಬುದೂ ಅಲ್ಲಿ ಪ್ರಶ್ನೆಯೇ. ಆಗ ಈ ಹಾಳೆ ಇನ್ನೂ ಭಾರವಾಗುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳಲ್ಲಿ ಪ್ರತಿ ವರ್ಷ ಸಿಕ್ಕಿಬೀಳುವ ಮಕ್ಕಳಲ್ಲಿ ಮುಕ್ಕಾಲು ಪಾಲಿನಷ್ಟು ಈ ವಯಸ್ಸಿನವರೇ, ಮತ್ತು ಬಹುತೇಕರು ತಂದೆತಾಯಿಯ ಜೊತೆಗೇ ಇರುವವರು. ಮನೆಯಿಲ್ಲದ ಅನಾಥರು ಅಪರಾಧ ಮಾಡುತ್ತಾರೆ ಎಂಬುದು ಸಿನಿಮಾದ ಮಾತು.

ಶಿಫಾರಸು

18ನೇ ಸೆಕ್ಷನ್ನಿನಡಿ ಮಂಡಳಿ ಸಮಾಲೋಚನೆ, ಸಮುದಾಯ ಸೇವೆ, ಪರಿವೀಕ್ಷಣೆಯ ಮೇಲೆ ಬಿಡುಗಡೆ ಮುಂತಾದ ಆದೇಶ ಮಾಡಬಹುದು. ಜೊತೆಗೆ ನಿರ್ದಿಷ್ಟ ಸ್ಥಳಕ್ಕೆ ಹೋಗದಂತೆ ಮಗುವನ್ನು ತಡೆಯಲೂಬಹುದು. ಈ ಕೊನೆಯದನ್ನು ಕೇಳುವಾಗ ನಿಮ್ಮ ಹಾಳೆಯ ಗೆರೆಗಳನ್ನು ನೋಡಿ. ಆ ಸ್ಥಳ ಅವನ ಶಾಲೆ ಅಥವಾ ಕೆಲಸದ ದಾರಿಯಲ್ಲಿದ್ದರೆ ಅವನು ಮೊದಲ ವಾರವೇ ಆದೇಶ ಮುರಿಯುತ್ತಾನೆ. ಬದಲಿ ದಾರಿಯನ್ನು ನೀವೇ ನಡೆದು ನೋಡಿ ಬರೆಯಿರಿ.

"ಅಜ್ಜಿಯ ಊರಿಗೆ ಕಳುಹಿಸುತ್ತೇವೆ" ಎಂದು ಮನೆಯವರು ಹೇಳುತ್ತಾರೆ. ಸೇಡಿನ ಭಯ ನಿಜವಾಗಿದ್ದರೆ ಒಪ್ಪಿಕೊಳ್ಳಿ. ಇಲ್ಲದಿದ್ದರೆ ಅವಸರ ಬೇಡ. 1994ರಲ್ಲಿ ಅಮೆರಿಕದ ಐದು ನಗರಗಳಲ್ಲಿ ಬಡ ಕುಟುಂಬಗಳಿಗೆ ಚೀಟಿ ಎತ್ತಿ, ಬಡತನ ಕಡಿಮೆಯಿರುವ ಕಡೆ ಮನೆ ಹಿಡಿಯಲು ನೆರವು ಕೊಟ್ಟರು. ಹಿಂಸೆಯ ಪ್ರಕರಣಗಳಲ್ಲಿ ಹುಡುಗ ಹುಡುಗಿಯರ ಬಂಧನ ಮೊದಲಿಗೆ ಇಳಿಯಿತು. ಆದರೆ ಕೆಲವು ವರ್ಷಗಳಲ್ಲಿ ಹುಡುಗರು ಆಸ್ತಿಯ ಅಪರಾಧಗಳಲ್ಲಿ ಹೆಚ್ಚು ಸಿಕ್ಕಿಬಿದ್ದರು. ಹೊಸ ಊರಿನಲ್ಲಿ ಹುಡುಗನಿಗೆ ಶಾಲೆಯೋ ಕೆಲಸವೋ ಪರಿಚಿತ ಹಿರಿಯರೋ ಇರಬೇಕು, ಬರೀ ಊರು ಸಾಲದು.

ಕೆಲಸದ ವಿಷಯಕ್ಕೆ ಬಂದರೆ ನನಗೆ ಭರವಸೆ ಹೆಚ್ಚು. ಷಿಕಾಗೋದ ಹಿಂಸಾಪೀಡಿತ ಬಡಾವಣೆಗಳ 1,634 ಹದಿಹರೆಯದವರ ಮೇಲೆ ನಡೆದ ಪ್ರಯೋಗದಲ್ಲಿ, ಬೇಸಿಗೆ ರಜೆಯಲ್ಲಿ ಎಂಟು ವಾರ ಸಂಬಳದ ಕೆಲಸ ಮತ್ತು ಜೊತೆಗೊಬ್ಬ ಮಾರ್ಗದರ್ಶಕ ಸಿಕ್ಕವರಲ್ಲಿ ಹಿಂಸೆಯ ಬಂಧನಗಳು ಹದಿನಾರು ತಿಂಗಳಲ್ಲಿ 43 ಪ್ರತಿಶತ ಕಡಿಮೆಯಾದವು; 2014ರಲ್ಲಿ ಇದು ಪ್ರಕಟವಾಯಿತು. ಇಳಿಕೆಯ ಹೆಚ್ಚಿನ ಪಾಲು ಕೆಲಸ ಮುಗಿದ ಮೇಲಿನದು, ಅಂದರೆ ಹುಡುಗರಿಗೆ ಬರೀ ಪುರುಸೊತ್ತು ಇರಲಿಲ್ಲ ಎಂಬುದಷ್ಟೇ ಕಾರಣವಲ್ಲ. ನಮ್ಮಲ್ಲಿ ಐಟಿಐ ಪ್ರವೇಶ, ಕೌಶಲ ತರಬೇತಿ, ಅಪಾಯವಿಲ್ಲದ ಕೆಲಸ ಇವನ್ನು ಹುಡುಗನ ಹೆಸರಿಗೆ ನಿರ್ದಿಷ್ಟವಾಗಿ ಹುಡುಕಿ ಬರೆಯಬೇಕು. ಹದಿನೆಂಟರೊಳಗಿನವರನ್ನು ಅಪಾಯಕಾರಿ ಕೆಲಸಕ್ಕೆ ಹಾಕುವಂತಿಲ್ಲ ಎಂಬುದು ನೆನಪಿರಲಿ. ಭಟ್ಟಿಯ ಹೊಗೆಗೆ ಅವನನ್ನು ಮತ್ತೆ ದೂಡುವ ಶಿಫಾರಸು ಬೇಡ.

ಇನ್ನು ಬೀದಿಯನ್ನೇ ಸರಿಮಾಡುವ ಕೆಲಸ. ಫಿಲಡೆಲ್ಫಿಯಾದಲ್ಲಿ 541 ಪಾಳು ನಿವೇಶನಗಳನ್ನು ಆರಿಸಿ ಕೆಲವನ್ನು ಕಸ ತೆಗೆದು, ಹುಲ್ಲು ಬೆಳೆಸಿ, ಕೆಲವು ಗಿಡ ನೆಟ್ಟು, ತಗ್ಗಾದ ಮರದ ಬೇಲಿ ಹಾಕಿದರು. 2018ರಲ್ಲಿ ಬಂದ ಫಲಿತಾಂಶದಂತೆ ಬಡ ಬಡಾವಣೆಗಳಲ್ಲಿ ಆ ಜಾಗಗಳ ಸುತ್ತ ಬಂದೂಕಿನ ಹಿಂಸೆ 29 ಪ್ರತಿಶತ ಇಳಿದಿತ್ತು. ನ್ಯೂಯಾರ್ಕ್‌ನ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ 2016ರಲ್ಲಿ ಹೆಚ್ಚುವರಿ ದೀಪಗಳನ್ನು ಅಳವಡಿಸಿದಾಗ ರಾತ್ರಿ ಹೊರಾಂಗಣದ ಗಂಭೀರ ಅಪರಾಧಗಳು ಮೂರನೇ ಒಂದರಷ್ಟು ಕಡಿಮೆಯಾದವು. ಇವು ಪಾಲಿಕೆಯ ಒಬ್ಬ ಎಂಜಿನಿಯರ್ ಮನಸ್ಸು ಮಾಡಿದರೆ ಆಗುವ ಕೆಲಸಗಳು. ನಮ್ಮ ವರದಿ ಗೋಪ್ಯ, ಅದನ್ನು ಪಾಲಿಕೆಗೆ ಕಳುಹಿಸುವಂತಿಲ್ಲ. ಆದ್ದರಿಂದ ಬಡಾವಣೆಯ ಸ್ವಸಹಾಯ ಸಂಘದವರಿಂದ ಬೇರೆಯೇ ಒಂದು ಅರ್ಜಿ ಹಾಕಿಸಿ: ದೀಪದ ಕಂಬ ಎಲ್ಲಿದೆ, ಯಾವಾಗಿನಿಂದ ಉರಿಯುತ್ತಿಲ್ಲ, ಅರ್ಧಕ್ಕೆ ನಿಂತ ಕಟ್ಟಡಕ್ಕೆ ಬಾಗಿಲು ಯಾವಾಗ. ಶಾಲೆಯಿಂದ ನೂರು ಗಜದೊಳಗೆ ಬೀಡಿ ಸಿಗರೇಟು ಮಾರುವ ಅಂಗಡಿ ಕಂಡಿದ್ದರೆ ಅದಕ್ಕೂ ಒಂದು ಅರ್ಜಿ. ಸ್ವೀಕೃತಿ ಪಡೆದು ಪ್ರತಿಯನ್ನು ವಾರ್ಡಿನ ಸದಸ್ಯರಿಗೆ ಕೊಡಲು ಹೇಳಿ. ಅರ್ಜಿಯಲ್ಲಿ ಯಾವ ಹುಡುಗನ ಹೆಸರೂ ಯಾವ ಪ್ರಕರಣದ ಸುದ್ದಿಯೂ ಬರಬಾರದು. ಕಂಬದ ಗುರುತು, ಬೀದಿಯ ಹೆಸರು, ಅರ್ಜಿದಾರರ ಸಹಿ ಇದ್ದರೆ ಸಾಕು.